ಚಿಗವ್ವನ ತಾಟು

ಜರ್ಮನಿಗೆ ಬಂದ ಮರುದಿನ ಲ್ಯಾಬಿನ ಬಾಗಿಲು ತೆಗೆದೆ, ವಾಸನೆ ಮುಖಕ್ಕೆ ಬಡಿಯಿತು. ಹಳಸಿದ ಬೇಳೆಕಟ್ಟಿಗೆ ಕೊಟ್ಟಿಗೆಯ ನಾತ ಕೂಡಿದ ಹಾಗಿತ್ತು. ಗಾಜಿನ ದೊಡ್ಡ ಪಾತ್ರೆಗಳಲ್ಲಿ ಬೆಚ್ಚಗಿನ ಸಾರಿನಂಥದ್ದು ಅಲುಗಾಡುತ್ತಿತ್ತು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿದ್ದವು. ಬಸವಕಲ್ಯಾಣದ ಓಣಿಯಿಂದ ಹೊರಟು, ಗುಲ್ಬರ್ಗದಲ್ಲಿ ಎಂ.ಎಸ್ಸಿ. ಮುಗಿಸಿ, ಸ್ಕಾಲರ್‌ಶಿಪ್ ಗಿಟ್ಟಿಸಿ, ಪಿಎಚ್.ಡಿ. ಎಂದು ನಾನು ಬಂದದ್ದು ಈ ನಾತಕ್ಕೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಊರಿನವರು ತಪ್ಪು ತಿಳಿಯಬಾರದು. ನಮ್ಮ ಲ್ಯಾಬಿನಲ್ಲಿ ಕ್ಷಯದ ರೋಗಾಣು ಇಲ್ಲವೇ ಇಲ್ಲ. ಅದರ ಒಂದೇ ಒಂದು ಪ್ರೋಟೀನನ್ನು ನಿರಪಾಯದ ಬೇರೆ ಬ್ಯಾಕ್ಟೀರಿಯಾದೊಳಗೆ ತಯಾರಿಸಿ, ಸಕ್ಕರೆಯಂತೆ ಹರಳುಗಟ್ಟಿಸಿ, ಎಕ್ಸ್-ರೇ ಬಿಟ್ಟು ಅದರ ಆಕಾರ ಪತ್ತೆಹಚ್ಚುತ್ತೇವೆ. ಆಕಾರ ತಿಳಿದರೆ ಅದಕ್ಕೊಪ್ಪುವ ಔಷಧಿ ಹುಡುಕಬಹುದು. ಮೊದಲ ಹರಳು ಮೂಡಿದಾಗ ನನ್ನ ಗೈಡ್, ಎಷ್ಟು ಚೆಂದ ಎಂದರು. ನನಗೆ ಮೈ ಉರಿಯಿತು. ಆ ರೋಗದ ಕಫ ಅವರು ಕಂಡವರಲ್ಲ. ಹುಮನಾಬಾದಿನ ಚಿಗವ್ವ, ಅಂದರೆ ನನ್ನ ಅವ್ವನ ತಂಗಿ, ಕೊಟ್ಟಿಗೆಯ ಮೂಲೆಯಲ್ಲಿ ಕೂತು ಬೂದಿ ತುಂಬಿದ ಡಬ್ಬಿಯಲ್ಲಿ ಉಗುಳುತ್ತಿದ್ದಳು. ಅವಳಿಗೆಂದೇ ಉಣ್ಣಲು ಸೊಟ್ಟಗಾದ ಅಲ್ಯೂಮಿನಿಯಂ ತಾಟೊಂದು ಬೇರೆ ಇತ್ತು. ಮುಂದೆ ಗುಳಿಗೆ ನುಂಗಿ ಅವಳು ಗುಣವಾದಳು. ಆದರೆ ಯಾರಿಗೂ ಇನ್ನು ಹಾಗೆ ತಾಟು ಬೇರೆ ಇಡಬಾರದು ಎಂದೇ ನಾನು ಈ ವಿಷಯ ಹಿಡಿದೆ.

ಇಲ್ಲಿ ಇಬ್ಬರು ಜರ್ಮನ್ ಹುಡುಗಿಯರೊಂದಿಗೆ ಮನೆ ಹಂಚಿಕೊಂಡಿದ್ದೇನೆ. ನಾನು ಕಲಿತ ಮೊದಲ ಪದ 'ಲ್ಯೂಫ್ಟನ್'. ಎಂಥ ಚಳಿಯಲ್ಲೂ ಕಿಟಕಿ ತೆರೆದು ಮನೆಯ ಗಾಳಿ ಬದಲಿಸುವುದು ಎಂದರ್ಥ. ನಾನು ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಸಾಕು, ಕಿಟಕಿ ತೆರೆಯುತ್ತಾರೆ. ಅವರ ಚೀಸು ಒದ್ದೆ ಕಾಲುಚೀಲದಂತೆ ನಾರುತ್ತದೆ, ಅದಕ್ಕೆ ಮಾತ್ರ ಯಾವ ಕಿಟಕಿಯೂ ತೆರೆಯುವುದಿಲ್ಲ. ಕೊನೆಗೆ ನಯವಾಗಿಯೇ ನನ್ನ ಪಾತ್ರೆಗಳಿಗೆ ಮೂಲೆಯ ಕಪಾಟು ತೋರಿಸಿದರು.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಮೂಗು ಮುಚ್ಚಿಕೊಂಡೆ. ಮೊದಲು ಹಾಗೆ ಮುಚ್ಚುತ್ತಿರಲಿಲ್ಲ. ಚಿಗವ್ವನ ಮನೆಯಲ್ಲಿ ಎಲ್ಲರಿಗೂ ಸ್ಟೀಲಿನ ತಾಟು ಹಾಕಿದರು. ನನ್ನ ಮುಂದೆ ಅದೇ ಸೊಟ್ಟ ತಾಟು ಬಂತು. ತಂದವಳು ಚಿಗವ್ವನೇ.

"ಬ್ಯಾಸರ ಮಾಡ್ಕೋಬ್ಯಾಡ ಯವ್ವಾ. ಮನ್ಯಾಗ ಸಣ್ಣ ಕೂಸದ. ನೀ ದಿನಾ ಆ ರೋಗದ ಹುಳದ ಜೋಡಿನೇ ಇರ್ತಿ."

ನಾನು ಹರಳು, ಪ್ರೋಟೀನು ಎಂದು ನನಗೆ ತಿಳಿದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ರೊಟ್ಟಿ ಮುರಿಯುತ್ತ ಕೇಳಿದಳು.

"ನೀ ಓದಿದಾಕಿ, ನಿಂದು ಖರೇ ಇರಬೇಕು. ಆದ್ರ ಆ ರೋಗ ನಾ ಉಂಡೀನವ್ವಾ."

ಹಳ್ಳಿಯ ಚಹಾದಂಗಡಿಗಳಲ್ಲಿ ನಮ್ಮ ಜಾತಿಯವರ ಕಪ್ಪು ಬೇರೆ ಇರುತ್ತಿದ್ದುದನ್ನು ಅಪ್ಪ ಹಲ್ಲು ಕಡಿದು ಹೇಳುತ್ತಿದ್ದ. ಅದನ್ನು ಅನುಭವಿಸಿದ ನಮ್ಮವರ ಮನೆಯಲ್ಲೇ ಈಗ ಇದು. ನನಗೆ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚು ಹೇಸಿಗೆಯಾದದ್ದು ನನ್ನ ಮೇಲೆಯೇ. ಅಷ್ಟು ವರ್ಷ ಬಿದ್ದಿದ್ದ ತಾಟಿನಲ್ಲಿ ರೋಗಾಣು ಇರುವುದಿಲ್ಲವೆಂದು ನನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಆದರೂ ಮೊದಲ ತುತ್ತು ಇಳಿಯಲಿಲ್ಲ.

ಹೊರಡುವಾಗ ಆ ತಾಟನ್ನು ಕೇಳಿ ತಂದೆ. ಅಲ್ಲಿದ್ದರೆ ನಾಳೆ ಮತ್ಯಾರ ಮುಂದೋ ಬರುತ್ತಿತ್ತು. ಈಗ ಅದು ಇಲ್ಲಿಯ ಮೂಲೆಯ ಕಪಾಟಿನಲ್ಲಿದೆ, ಬೇರೆ ಯಾರೂ ಮುಟ್ಟುವುದಿಲ್ಲ. ಅದರಲ್ಲೇ ಉಣ್ಣುತ್ತೇನೆ. ಮೊದಲ ತುತ್ತು ಇಂದಿಗೂ ಗಂಟಲಲ್ಲಿ ನಿಲ್ಲುತ್ತದೆ, ಆ ಹೊತ್ತಿಗೆ ಹಿಂದಿನಿಂದ ಯಾರೋ ಕಿಟಕಿ ತೆರೆಯುತ್ತಾರೆ.