ದುಂಡು ಮೇಜಿನ ದೊಡ್ಡ ಡಾಕ್ಟರು

ಆ ಕ್ಲಿನಿಕ್ಕಿನಲ್ಲಿ ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎಂದೇ ಕರೆಯುತ್ತಿದ್ದರು. ಒಂದು ದಿನ ಅವರ ಕೋಣೆಯ ಗೋಡೆ ಒಡೆದು ಅಲ್ಲೊಂದು ದುಂಡು ಮೇಜು ತಂದು ಹಾಕಿದರು. ಇನ್ನು ಮುಂದೆ ಡಾಕ್ಟರು, ನರ್ಸು, ಔಷಧಿ ಕೊಡುವವನು, ಪಥ್ಯ ಹೇಳುವಾಕೆ ಎಲ್ಲರೂ ಒಟ್ಟಿಗೆ ಕೂತು ರೋಗಿಯನ್ನು ನೋಡಬೇಕಂತೆ. "ಇಲ್ಲಿ ದೊಡ್ಡವರು, ಚಿಕ್ಕವರು ಅಂತ ಯಾರೂ ಇಲ್ಲ" ಎಂದು ಉದ್ಘಾಟನೆಯ ದಿನ ಭಾಷಣ ಬಿಗಿದವರೂ ದೊಡ್ಡ ಡಾಕ್ಟರೇ. ಚಪ್ಪಾಳೆಯೇನೋ ಬಿತ್ತು. ಆದರೆ ಜನ ಆ ಮಾತನ್ನು ನಂಬಿಯೇ ಬಿಡುತ್ತಾರೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಗೋಡೆಯ ಜೊತೆ ಬಾಗಿಲೂ ಹೋಗಿತ್ತು, ಬಾಗಿಲಾಚೆ ಕೈಕಟ್ಟಿ ಕಾಯುವವರೂ ಹೋಗಿದ್ದರು. ಬಂದವರೆಲ್ಲ ನೇರ ನರ್ಸಿನ ಬಳಿ ಹೋಗಿ ಕೂರುತ್ತಿದ್ದರು. ದೊಡ್ಡ ಡಾಕ್ಟರಿಗೆ ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷದಿಂದ ತಮ್ಮದೇ ಚೀಟಿಯ ಮೇಲೆ ಬದುಕಿದ್ದ ಸಕ್ಕರೆ ಕಾಯಿಲೆಯ ಅಜ್ಜಿ ಕೂಡ ನರ್ಸಿಗೆ ಪಾದ ತೋರಿಸುತ್ತಾ ನಗುನಗುತ್ತಾ ಹರಟುವುದನ್ನು ಕಂಡಾಗ ತಡೆಯಲಾಗಲಿಲ್ಲ. ಎದ್ದು ಹೋಗಿ ಅಜ್ಜಿಯ ಎದುರು ನಿಂತರು.

"ಏನಜ್ಜಿ, ನಮ್ಮನ್ನ ಮರೆತೇಬಿಟ್ರಾ?"

ಅಜ್ಜಿ ಕಣ್ಣು ಕಿರಿದು ಮಾಡಿ ಅವರನ್ನೇ ನೋಡಿ, ನರ್ಸಿನ ಕಡೆ ತಿರುಗಿದಳು. "ಇವ್ರು ಯಾರಮ್ಮ? ಹೊಸಬ್ರಾ?"

ದೊಡ್ಡ ಡಾಕ್ಟರಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದು, ಮೇಜಿನ ಮೇಲೆ ಬಗ್ಗಿ ಚೀಟಿ ಗೀಚತೊಡಗಿದರು. ಬೋಳು ನೆತ್ತಿ ಅಜ್ಜಿಯ ಕಣ್ಣೆದುರು ಮಿರಮಿರ ಮಿಂಚಿತು.

ಅಜ್ಜಿಯ ಮುಖ ಅರಳಿತು.

"ಅಯ್ಯೋ, ನೀವಾ ಡಾಕ್ಟ್ರೇ! ಹೀಗೆ ಮುಖ ತೋರಿಸ್ಕೊಂಡು ಬಂದ್ರೆ ನಂಗೆ ಹೇಗೆ ಗುರುತು ಸಿಗ್ಬೇಕು?"