ನಮ್ಮ ತಾಲ್ಲೂಕಿನಲ್ಲಿ ಬೇಡ

‘ಮೂರು ತಿಂಗಳು ಅಥವಾ ಮುಂದಿನ ಆದೇಶದವರೆಗೆ ವಿಸ್ತರಿಸಲಾಗಿದೆ’ ಎಂಬ ಸಾಲನ್ನು ಬರೆಯುವವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಒಂದು ದಿನ ಜಗಳೂರು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗಬೇಕೆಂಬ ಆಸೆ ಇನ್ನೂ ಇದೆ. ರೋಗ ಬಾರದಂತೆ ತಡೆಯುವ ಕೆಲಸಕ್ಕೆ ಮೂರು ಮೂರು ತಿಂಗಳ ಆಯಸ್ಸು ಕೊಡುತ್ತಾರೆ. ಆ ಮೂರು ತಿಂಗಳಲ್ಲಿ ಒಂದು ತಿಂಗಳು ಕಾಗದ ಬಂತೇ ಎಂದು ಕೇಳುವುದರಲ್ಲಿ ಹೋಗುತ್ತದೆ, ಇನ್ನೊಂದು ತಿಂಗಳು ಮುಂದಿನ ಕಾಗದಕ್ಕೆ ಪುರಾವೆ ಹೊಂದಿಸುವುದರಲ್ಲಿ.

ನಾನು ಎಚ್‌ಐವಿ ತಡೆ ಕಾರ್ಯಕ್ರಮದಲ್ಲಿ ಊರೂರು ತಿರುಗುವ ಕೆಲಸದವಳು. ಕಾರ್ಯಕ್ರಮ ಇಡೀ ದೇಶದ್ದು, ನಡೆಸುವುದು ನಮ್ಮಂಥ ಸಣ್ಣ ಸಂಸ್ಥೆಗಳು. ನನಗೆ ಬಿದ್ದದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಮೊದಲ ಮೂರು ಒಂದು ದಿಕ್ಕಿಗೆ, ಜಗಳೂರು ಇನ್ನೊಂದು ದಿಕ್ಕಿಗೆ, ನಡುವೆ ದಾವಣಗೆರೆ. ಹಂಚಿದವರು ಬಸ್ ಹತ್ತಿದವರಲ್ಲ. ನಾನು ಭೇಟಿ ಮಾಡಬೇಕಾದವರು ಮೈ ಮಾರಿ ಬದುಕುವ ಹೆಂಗಸರು. ಕಾಗದದಲ್ಲಿ ಅವರಿಗೆ ‘ಅಧಿಕ ಅಪಾಯದ ಗುಂಪು’ ಎಂದು ಹೆಸರು. ಅಪಾಯ ಇರುವುದು ಅವರಿಗೆ. ಊರು ಓದಿಕೊಳ್ಳುವುದು ಅಪಾಯ ಅವರಿಂದ ಎಂದು.

ಕೆಲಸ ಕೀಳು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಚನ್ನಗಿರಿಯಲ್ಲಿ ನಮ್ಮವ್ವ ಸೀಜನ್ನಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವಳು. ಅವಳ ಬೆರಳಿನ ಕಪ್ಪು ಯಾವ ಸೋಪಿಗೂ ಹೋಗಿಲ್ಲ. ಅಪ್ಪ ಮಂಡಿಯಲ್ಲಿ ಮೂಟೆ ಹೊತ್ತವನು. ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಕೇರಿಯಲ್ಲೇ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ, ಹಟ ಹಿಡಿದು ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರಪ್ಪನ ಶಿಫಾರಸೂ ಇದರಲ್ಲಿ ಇಲ್ಲ.

ನಾನು ಸೇರುವ ಮೊದಲೇ ಈ ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದರು. ಯಾರೂ ತಮ್ಮ ತಾಲ್ಲೂಕಿನಲ್ಲಿ ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ಜಗಳೂರು ಕಡೆಯವರು ಹೊನ್ನಾಳಿಗೆ ಬರುತ್ತಾರೆ, ಹೊನ್ನಾಳಿ, ನ್ಯಾಮತಿಯವರು ಚನ್ನಗಿರಿಗೆ, ಚನ್ನಗಿರಿ ಕಡೆಯವರು ಜಗಳೂರಿಗೆ. ಹೋದಲ್ಲಿ ಊರಿನ ಹೆಸರನ್ನೂ ಬದಲಿಸಿ ಹೇಳುತ್ತಾರೆ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯನ್ನು ಕಣ್ಣಲ್ಲಿ ಕಾಣದವಳು ಉಬ್ರಾಣಿಯವಳು ಎಂದು ಬರೆಸುತ್ತಾಳೆ. ಯಾರೂ ಕಲಿಸಿದ್ದಲ್ಲ. ಬದುಕಬೇಕಾದವರು ಕಂಡುಕೊಂಡ ದಾರಿ. ವರ್ಷಗಟ್ಟಲೆ ನಡೆದಿತ್ತು, ಒಬ್ಬಳ ಗುಟ್ಟೂ ರಟ್ಟಾಗಿರಲಿಲ್ಲ.

ಹಾಳು ಮಾಡಿದ್ದು ನಾನು. ನಮ್ಮ ಆಫೀಸಿನ ಪುಸ್ತಕದಲ್ಲಿ ಪ್ರತಿಯೊಬ್ಬರ ನಿಜವಾದ ಊರನ್ನು ಬರೆದೆ. ನನಗಿಂತ ಮೊದಲಿದ್ದವಳು ಆ ಅಂಕಣವನ್ನು ಖಾಲಿ ಬಿಟ್ಟಿದ್ದಳು. ಓದಿದವಳು ನಾನು, ಖಾಲಿ ಬಿಡುವುದೆಂದರೇನು?

ಮೌಲ್ಯಮಾಪನಕ್ಕೆ ಮೇಲಿನಿಂದ ತಂಡ ಬಂತು. ಅವರು ಬರೆದ ಮೇಲೆಯೇ ಹಣ ವಿಸ್ತರಣೆ. ತಂಡದ ಮುಖ್ಯಸ್ಥರು ನಮ್ಮ ಪುಸ್ತಕದ ಲೆಕ್ಕವನ್ನೂ ಆಸ್ಪತ್ರೆಗಳ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟುಕೊಂಡರು.

“ನಿಮ್ಮ ಜಗಳೂರಿನ ಹೆಂಗಸರು ಜಗಳೂರಿನಲ್ಲಿ ಪರೀಕ್ಷೆ ಮಾಡಿಸಿಲ್ಲ. ಹೊನ್ನಾಳಿಯಲ್ಲಿ ಮಾಡಿಸಿದ್ದಾರೆ ಅಂತೀರಿ. ಅಲ್ಲಿ ಜಗಳೂರಿನ ಒಂದು ಊರೂ ಇಲ್ಲ. ಈ ಹೆಂಗಸರು ನಿಜವಾಗಿ ಇದ್ದಾರಾ?”

ಪದ್ಧತಿಯನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಹೀಗೆ ಮಾಡಬಹುದು ಅಂತ ಎಲ್ಲಿ ಬರೆದಿದೆ?” ಎಂದರು.

ಅವರು ಊಟಕ್ಕೆ ಎದ್ದ ಮೇಲೆ ನಮ್ಮ ಸಂಸ್ಥೆಯ ಕಾರ್ಯದರ್ಶಿ ನನ್ನ ಮೇಲೆ ಬಿದ್ದರು.

“ಖರೇ ಊರು ಬರೆಯಾಕೆ ನಿನಗ್ಯಾರು ಹೇಳಿದ್ರು?”

“ಸುಳ್ಳು ಬರೆಯಾಕೆ ನಾನು ಓದಿಲ್ಲ ಸಾರ್.”

“ಓದಿದ್ದಕ್ಕೇ ಹಿಂಗಾಗಿದ್ದು. ನಾಡಿದ್ದು ಜಗಳೂರಿನೋರು ಹತ್ತು ಜನ, ಜಗಳೂರಾಗೇ, ಇವರ ಕಣ್ಣೆದುರಿಗೇ ಟೆಸ್ಟ್ ಮಾಡಿಸ್ಬೇಕು. ಇಲ್ಲಾಂದ್ರೆ ಪ್ರಾಜೆಕ್ಟೂ ಇಲ್ಲ, ನೀನೂ ಇಲ್ಲ.”

ಜಗಳೂರು ಕಡೆ ನನಗೆ ಎಲ್ಲರನ್ನೂ ಕೂಡಿಸಿ ಕೊಡುತ್ತಿದ್ದವಳು ಒಬ್ಬಳೇ. ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವಳು. ಗಂಡ ಬಿಟ್ಟುಹೋಗಿ ವರ್ಷಗಳೇ ಆಗಿದ್ದವು. ಅಡಿಗೆಯ ಗೌರವಧನದಲ್ಲಿ ಬದುಕಲಾಗದೆ ಈ ದಾರಿ ಹಿಡಿದವಳು. ಆದರೆ ಊರಿನಲ್ಲಿ ಅವಳಿಗೆ ಇದ್ದ ಮರ್ಯಾದೆಯೆಲ್ಲ ಆ ಅಡಿಗೆಮನೆಯದ್ದೇ. ಇಡೀ ಶಾಲೆ ಅವಳನ್ನು ‘ಅಡಿಗೆ ಅಜ್ಜಿ’ ಎನ್ನುತ್ತಿತ್ತು, ಅಜ್ಜಿಯಾಗುವ ವಯಸ್ಸು ಅವಳಿಗೆ ಆಗಿರದಿದ್ದರೂ. ನಾನು ಅಕ್ಕ ಎನ್ನುತ್ತಿದ್ದೆ. ಮೊದಲ ದಿನ ಬಾಳೆಕಾಯಿ ಹಿಡಿದು ನಿರೋಧ್ ಹಾಕುವುದನ್ನು ತೋರಿಸುವಾಗ ನಾನು ತಡವರಿಸಿದ್ದನ್ನು ನೋಡಿ, “ಇತ್ಲಾಗೆ ಕೊಡ್ರಿ ಮೇಡಂ, ನೀವು ಬುಕ್ಕಿನಾಗೆ ಓದೀರಿ ಅಷ್ಟೆ” ಎಂದು ಎಲ್ಲರನ್ನೂ ನಗಿಸಿದ್ದಳು. ಆರು ತಿಂಗಳಿಗೊಮ್ಮೆ ತಪ್ಪದೆ ಹೊನ್ನಾಳಿಗೆ ಬಂದು ರಕ್ತ ಕೊಡುತ್ತಿದ್ದಳು.

ನಾನು ಹೋದಾಗ ಮಕ್ಕಳ ಊಟ ಮುಗಿದು ದೊಡ್ಡ ಪಾತ್ರೆಯೊಳಗೆ ತಲೆ ಹಾಕಿ ತಿಕ್ಕುತ್ತಿದ್ದಳು. ಊರಿನವರಿಗೆ ನಾನು ‘ಸಂಘದ ಮೇಡಂ’. ಯಾರೂ ತಿರುಗಿ ನೋಡಲಿಲ್ಲ. ವಿಷಯ ಹೇಳಿದೆ.

“ಜಗಳೂರಾಗಾ? ಸಂತೆ ದಿನ ನಮ್ಮೂರು ಅರ್ಧ ಅಲ್ಲೇ ಇರ್ತೈತೆ. ತಲೆ ನೆಟ್ಟಗೈತೇನ್ರಿ ನಿಮಗೆ?”

“ಸಂತೆ ದಿನ ಅಲ್ಲಕ್ಕ, ನಾಡಿದ್ದು.”

“ಆಸ್ಪತ್ರೆಗೆ ಸಂತೆ ಬ್ಯಾರೆ ಬೇಕಾ? ಯಾರಾದ್ರೂ ಕಂಡ್ರೆ ನಾಳೆಯಿಂದ ನೀವು ಬಂದು ಅನ್ನ ಬೇಯಿಸ್ತೀರಾ ಇಲ್ಲಿ?”

ಅಲ್ಲಿಗೆ ಬಿಟ್ಟು ಬರಬೇಕಿತ್ತು. ಬಿಡಲಿಲ್ಲ. ಪ್ರಾಜೆಕ್ಟು ನಿಂತರೆ ಔಷಧಿ ಯಾರು ಕೊಡುತ್ತಾರೆ, ಪೊಲೀಸರು ಹಿಡಿದರೆ ಯಾರು ಬರುತ್ತಾರೆ, ಹೊಸದಾಗಿ ಬಂದ ಹುಡುಗಿಯರ ಗತಿಯೇನು ಎಂದೆಲ್ಲ ಕೇಳಿದೆ. ಮಾತು ನನಗೆ ಚೆನ್ನಾಗಿ ಬರುತ್ತದೆ. ಹುಡುಗಿಯರ ಮಾತೆತ್ತಿದಾಗ ಅವಳ ಕೈ ನಿಂತಿತು.

“ನಾನು ಬರ್ಲಿಲ್ಲಂದ್ರೆ ಅವ್ಯಾವೂ ಬರಾಂಗಿಲ್ಲ,” ಎಂದಳು. ಆಮೇಲೆ ಪಾತ್ರೆಯನ್ನು ದಬ್ಬಿ, “ನನ್ನ ಹೆಸರು ಎಲ್ಲೂ ಕೂಗಬಾರದು. ನಿಮ್ಮವ್ವನಾಣೆ ಹೇಳ್ರಿ.”

ಆಣೆ ಮಾಡಿದೆ.

ಆ ದಿನ ಹತ್ತು ಜನರೂ ಬಂದರು. ಆಸ್ಪತ್ರೆಯವರು ನಮಗಿಂತ ತಿಳಿವಳಿಕೆಯವರು; ಒಬ್ಬೊಬ್ಬರನ್ನೇ ಹಿಂದಿನ ಬಾಗಿಲಿನಿಂದ ಕಳಿಸಿ ಎಂದಿದ್ದರು. ಆದರೆ ಮೌಲ್ಯಮಾಪನದವರಿಗೆ ಹೊತ್ತಾಗುತ್ತಿತ್ತು. ಕಾರ್ಯದರ್ಶಿಗಳ ತಮ್ಮ, ಆಫೀಸಿನ ಜೀಪು ಓಡಿಸುವವನು, ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಹೆಸರು ಕೂಗಬೇಡ ಎಂದು ಅವನಿಗೆ ನಾನೇ ಎರಡು ಸಲ ಹೇಳಿದ್ದೆ. ಹೆಸರು ಕೂಗಲಿಲ್ಲ ಮಹಾಶಯ. ಊರು ಕೂಗಿದ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುವಂತೆ, “ಎಚ್‌ಐವಿ ಪ್ರಾಜೆಕ್ಟಿನೋರು ಈ ಕಡೆ ಬರ್ರಿ” ಎಂದು ಒಂದೊಂದಾಗಿ ಊರು ಹೇಳಿದ. ನಾನು ಓಡಿಹೋಗಿ ಪಟ್ಟಿ ಕಿತ್ತುಕೊಳ್ಳುವಷ್ಟರಲ್ಲಿ ಅವಳ ಊರು ಬಂದಿತ್ತು. ಅಕ್ಕ ಎದ್ದು ನಿಂತಿದ್ದಳು. ಅದೇ ಊರಿನ ಇನ್ನೊಬ್ಬ ಹೆಂಗಸು ಜ್ವರದ ಮೊಮ್ಮಗುವನ್ನು ಎತ್ತಿಕೊಂಡು ಎದುರಿನ ಬೆಂಚಿನಲ್ಲಿ ಕೂತಿದ್ದಳು. ನೋಡಿದಳು. ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿಕೊಂಡಳು.

“ಹೆಸರು ಹೇಳಿದ್ನೇನ್ರೀ ನಾನು?” ಎಂದು ಅವನು ಆಮೇಲೆ ನನ್ನ ಮೇಲೆಯೇ ರೇಗಿದ.

ವಾರದೊಳಗೆ ಶಾಲೆಯಲ್ಲಿ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಶಾಲಾ ಕಮಿಟಿಯವರು, “ಸ್ವಲ್ಪ ದಿನ ಮನ್ಯಾಗಿರಮ್ಮ” ಎಂದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತು. ನಾನು ಅವಳ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ಮನೆಗೆ ಹೋದೆ. ಏನೂ ಇರಲಿಲ್ಲ, ಯಾವತ್ತಿನಂತೆ.

“ಅಕ್ಕ, ಇದನ್ನು ಹೆಡ್‌ಮಾಸ್ಟರಿಗೆ ತೋರಿಸೋಣ. ರೋಗ ಇಲ್ಲ ಅಂತ ಬರೆದೈತೆ.”

ಅವಳು ಹೊಸ್ತಿಲು ದಾಟಲಿಲ್ಲ, ನನ್ನನ್ನು ಒಳಗೂ ಕರೆಯಲಿಲ್ಲ. “ರೋಗ ಇಲ್ಲ ಅಂದ್ರೆ, ಟೆಸ್ಟ್ ಯಾಕೆ ಮಾಡಿಸ್ದೆ ಅಂತ ಕೇಳಲ್ಲೇನೇ? ಇಷ್ಟು ಓದಿ ಇದು ಹೊಳೀಲಿಲ್ಲೇನೇ ನಿನಗೆ? ನಡಿ ಅತ್ಲಾಗೆ.”

ಅದುವರೆಗೆ ಅವಳು ನನ್ನನ್ನು ಏಕವಚನದಲ್ಲಿ ಮಾತನಾಡಿಸಿರಲಿಲ್ಲ.

ಬಸ್ ನಿಲ್ದಾಣದವರೆಗೆ ನಡೆದು, ಅಲ್ಲಿಂದ ವಾಪಸು ಶಾಲೆಗೆ ಬಂದೆ. ಹೆಡ್‌ಮಾಸ್ಟರು ಕುರ್ಚಿ ತೋರಿಸಿದರು. ಏನು ಹೇಳಬೇಕೆಂದು ಯೋಚಿಸಿ ಹೋಗಿರಲಿಲ್ಲ.

“ಆವತ್ತು ಆಸ್ಪತ್ರೆಯಾಗೆ ಟೆಸ್ಟ್ ಇದ್ದದ್ದು ನನಗೆ ಸಾರ್,” ಎಂದೆ. “ನಮ್ಮೂರ ಹೆಸರು ಹೇಳಾಕೆ ಹೆದರಿ ಈ ಊರಿನ ಹೆಸರು ಬರೆಸಿದ್ದೆ. ಅಕ್ಕ ನನ್ನ ಜತೆಗೆ ಬಂದಿದ್ರು ಅಷ್ಟೆ. ಕೂಗಿದಾಗ ನಾನು ಹೊರಗಿದ್ದೆ, ಅವರು ನನ್ನ ಸಲುವಾಗಿ ಎದ್ದು ನಿಂತ್ರು.”

ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. “ನೀವು ಓದಿದೋರ ಹಂಗೆ ಕಾಣ್ತೀರಲ್ಲ.”

“ಡಿಗ್ರಿ ಮಾಡೀನಿ ಸಾರ್.”

“ಡಿಗ್ರಿ ಮಾಡಿ ಹಿಂಗಾ?” ಎಂದರು. ಬೈಗುಳದ ದನಿಯಲ್ಲ, ಕನಿಕರದ ದನಿ. ಬೈದಿದ್ದರೆ ಚೆನ್ನಾಗಿತ್ತು. “ಇದನ್ನೇ ಬರೆದು ಕೊಡ್ರಿ. ಕಮಿಟಿಯೋರಿಗೆ ಬಾಯಿ ಮಾತು ಸಾಲಲ್ಲ.”

ಅವರ ಪೆನ್ನಿನಲ್ಲೇ ಬರೆದೆ. ನನ್ನ ಹೆಸರು, ತಂದೆಯ ಹೆಸರು, ಚನ್ನಗಿರಿ. ಕೆಳಗೆ ಸಹಿ. ಪೆನ್ನನ್ನು ವಾಪಸು ಚಾಚಿದೆ.

“ಇರ್ಲಿ, ನೀವೇ ಇಟ್ಕೊಳ್ರಿ,” ಎಂದರು, ಕೈ ಚಾಚದೆ.

ಹೊರಗಿನಿಂದ ಬಂದವಳ ಬಗ್ಗೆ ಕೆಟ್ಟದ್ದನ್ನು ನಂಬುವುದು ಯಾವ ಊರಿಗೂ ಕಷ್ಟವಲ್ಲ. ಮುಂದಿನ ಸೋಮವಾರವೇ ಅಕ್ಕ ಅಡಿಗೆಮನೆಗೆ ಮರಳಿದಳು. ಡಬ್ಬಿಗಳು ಒಂದೊಂದಾಗಿ ನಿಂತವಂತೆ. ಆ ಕಾಗದ ಎಷ್ಟು ಕೈ ದಾಟಿತೋ ಗೊತ್ತಿಲ್ಲ. ಅಡಿಕೆ ಸುಲಿಯುವಲ್ಲಿ ಅವ್ವನ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸೊಬ್ಬಳು ಜಾಗ ಬದಲಿಸಿದಳು. ಅವ್ವ ಕೇಳಿದಳು, ನಾನು ನಡೆದದ್ದನ್ನೆಲ್ಲ ಹೇಳಿದೆ. “ನಿನ್ನ ಮದ್ವಿ ಯಾರು ಮಾಡ್ತಾರೆ ಇನ್ನ?” ಎಂದು ತಲೆ ಚಚ್ಚಿಕೊಂಡಳು. ನಾನು ಕೆಟ್ಟದಾಗಿ ಎದುರುತ್ತರ ಕೊಟ್ಟೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ವಿಸ್ತರಣೆಯ ಕಾಗದವೂ ಬಂತು. ಮೂರು ತಿಂಗಳು. ಕಾರ್ಯದರ್ಶಿಗಳು ಆಫೀಸಿಗೆಲ್ಲ ಪೇಡೆ ಹಂಚಿ, ನಮಗೆ ಒಂದು ಸುತ್ತೋಲೆ ಹೊರಡಿಸಿದರು: ಇನ್ನು ಮುಂದೆ ಆಯಾ ತಾಲ್ಲೂಕಿನವರ ಪರೀಕ್ಷೆ ಆಯಾ ತಾಲ್ಲೂಕಿನಲ್ಲಿಯೇ ಆಗತಕ್ಕದ್ದು. ನಾನು ಎದ್ದು ಜಗಳವಾಡಿದೆ. “ಪ್ರಾಜೆಕ್ಟ್ ಉಳೀತಲ್ಲ, ತಿನ್ನು” ಎಂದು ನನ್ನ ಕೈಗೂ ಒಂದು ಪೇಡೆ ಇಟ್ಟರು. ಮೇಜಿನ ಮೇಲೇ ಬಿಟ್ಟು ಬಂದೆ.

ಅಕ್ಕನ ಸರದಿ ಹತ್ತಿರ ಬಂದಾಗ ನಾನೇ ಫೋನ್ ಮಾಡಿದೆ. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ.

“ಹೊನ್ನಾಳಿಗೆ ಬರ್ರಿ ಅಕ್ಕ. ನಮ್ಮ ಲೆಕ್ಕಕ್ಕೆ ಸೇರದಿದ್ರೂ ಪರವಾಗಿಲ್ಲ, ನಾನೇ ಜತೆಗಿರ್ತೀನಿ.”

“ಬುಕ್ಕಿನಾಗೆ ನನ್ನ ಹೆಸರು ಹೊಡೆದಾಕಿದ್ರಾ?”

“ಹೊಡೆದಾಕೀನಿ.”

“ಊರು?”

“ಅದನ್ನೂ.”

“ಹಂಗಾರೆ ನಾನ್ಯಾರು ನಿಮಗೆ, ಫೋನ್ ಮಾಡಾಕೆ?” ಎಂದಳು. ಒಲೆಯ ಮೇಲಿನದು ಉಕ್ಕುತ್ತಿದೆ ಎಂದು ಯಾರೋ ಕೂಗಿದರು, ಅವಳು ಫೋನ್ ಇಟ್ಟಳು. ಅವಳು ಪರೀಕ್ಷೆ ಮಾಡಿಸಿ ಈಗ ಒಂದೂವರೆ ವರ್ಷವಾಯಿತು.