ರೆಕ್ಕೆಯೊಳಗಿನ ರೊಟ್ಟಿ ಚೂರು

ವೈನಿ, ಆ ವಿಮಾನದಲ್ಲಿ ಕೂರಬೇಕಾದವರು ನೀವು. ಕರೆದದ್ದು ನಿಮ್ಮನ್ನು. ನಿಮ್ಮ ಮೈದುನನಾದ ನಾನು ಅದನ್ನು ನಿಮಗೆ ಹೇಳಲಿಲ್ಲ.

ಹನ್ನೆರಡು ವರ್ಷವಾಯಿತು. ಅಂದಿನ ದಿನಚರಿಯಲ್ಲಿ ‘ವೈಮಾನಿಕ ನನ್ನನ್ನು ಕರೆದ’ ಎಂದು ಬರೆದಿದ್ದೇನೆ — ಮತ್ತೆ ಮತ್ತೆ ಓದಿದರೆ ನಾನೇ ನಂಬಿಬಿಡುವಷ್ಟು ಅಂದವಾದ ಅಕ್ಷರದಲ್ಲಿ.

ಹುಮನಾಬಾದಿನ ನಮ್ಮ ಹೊಲದಲ್ಲಿ ಜೋಳ ಕೊಯ್ದಾಗಿತ್ತು. ಆ ಜೋಡಿ ರೆಕ್ಕೆಯ ವಿಮಾನ ಎಂಜಿನ್ ಕೆಮ್ಮುತ್ತ ಅಲ್ಲಿ ಇಳಿಯಿತು; ಬದುವಿನ ಜಾಲಿಮುಳ್ಳು ಕೆಳರೆಕ್ಕೆಯ ಬಟ್ಟೆಯನ್ನು ಮೊಳದುದ್ದ ಸೀಳಿತು. ವೈಮಾನಿಕನೊಂದಿಗೆ ಮಾತಾಡುವಷ್ಟು ಇಂಗ್ಲಿಷ್ ಬಲ್ಲವನು ನಾನೊಬ್ಬನೇ — ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನು. ಎಂಜಿನ್ನಿನ ಬಗ್ಗೆ ದೊಡ್ಡದಾಗಿ ಮಾತಾಡಿದೆ. ಎಣ್ಣೆ ಮೆತ್ತಿದ ಪ್ಲಗ್ಗುಗಳನ್ನು ಉಜ್ಜಿ ಸರಿಮಾಡಿದವನು ಮಾತ್ರ ವೈಮಾನಿಕನೇ. ರೆಕ್ಕೆ ಹೊಲಿದವರು ನೀವು — ಕೌದಿಯ ಸೂಜಿಯಿಂದ, ಹಳೆಯ ಧೋತರದ ತೇಪೆ ಹಚ್ಚಿ, ಮೇಲೆ ಗಂಜಿ ಸವರಿ. ಕೊನೆಯ ಹೊಲಿಗೆಗೆ ಮುಂಚೆ, ಕೌದಿಗೆ ಇಡುವಂತೆಯೇ, ಒಂದು ರೊಟ್ಟಿ ಚೂರನ್ನು ತೇಪೆಯೊಳಗೆ ಇಟ್ಟಿರಿ. ಅಣ್ಣ ನಕ್ಕ. “ಹಸದ ಕೌದಿ ಬಾಳಂಗಿಲ್ರಿ. ಇದಂತೂ ದೂರ ಹೋಗೂದದ,” ಎಂದಿರಿ.

ವೈಮಾನಿಕ ಹೊಲಿಗೆಯ ಮೇಲೆ ಕೈಯಾಡಿಸಿದ. ಈ ತಾಯಿ ಒಪ್ಪಿದರೆ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತೇನೆ, ಕೇಳು, ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ.

“ಏನಂದ್ರು ಸಾಹೇಬ್ರು?” ನೀವು ಕೇಳಿದಿರಿ.

“ಹೊಲಿಗಿ ಭಾಳ ಚಲೋ ಆಗ್ಯಾದ ಅಂತ್ರಿ, ವೈನಿ.”

ಅವನಿಗೆ — ಆಕೆ ಅಂಜುತ್ತಾಳೆ, ತನ್ನ ಬದಲು ಮೈದುನನಾದ ನನ್ನನ್ನು ಕರೆದೊಯ್ಯಲು ಹೇಳುತ್ತಾಳೆ ಎಂದೆ. ನೀವೋ, ಮೇಲೆ ಗಾಳಿ ಇದ್ದೀತೆಂದು ನಿಮ್ಮ ಶಾಲನ್ನೇ ನನ್ನ ಕೊರಳಿಗೆ ಸುತ್ತಿದಿರಿ.

ಮೇಲೆ — ಹೇಳಲೇಬೇಕು — ಸುಖವಾಗಿತ್ತು. ತೆರೆದ ಸೀಟು, ಮುಖಕ್ಕೆ ಬಡಿಯುವ ಗಾಳಿ, ಬಿಸಿ ಎಣ್ಣೆಯ ವಾಸನೆ. ಎಡಕ್ಕೆ ನಿಮ್ಮ ತೇಪೆ. ಆ ರೊಟ್ಟಿ ಚೂರಾದರೂ ಮೇಲೇರಿತ್ತು. ಇಳಿದ ಮೇಲೆ ನೀವು ಕೇಳಿದ್ದು ಒಂದೇ: “ನಮ್ಮ ತವರು ಕಾಣಿಸ್ತೇನ್ರಿ?” ನಿಮ್ಮ ತವರೂರು ಕಲ್ಯಾಣದ ಕೋಟೆ ಕಂಡಿತು ಎಂದೆ. ಕಂಡಿತೇ? ಈಗ ಖಚಿತವಿಲ್ಲ.

ಇಂದಿಗೂ ಮನೆಗೆ ಬಂದವರಿಗೆಲ್ಲ, “ನಮ್ಮ ಮೈದುನರು ಮುಗಿಲಿಗಿ ಹೋಗಿ ಬಂದಾರ್ರಿ, ನೆಲದ ಮ್ಯಾಲ ಎಡವೂದು ಮಾತ್ರ ಬಿಟ್ಟಿಲ್ಲ,” ಎಂದು ನಗಿಸುತ್ತೀರಿ. ನಾನೂ ನಗುತ್ತೇನೆ. ಈ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ನಿಮ್ಮ ಕೌದಿ ಹೊದ್ದು ಬೆಚ್ಚಗೆ ಮಲಗುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ — ಅಲ್ಲ, ಅದೂ ನೆಪವಾದೀತು.

ನಿಮಗೆ ಓದು ಬಾರದು. ಈ ಸಲವೂ ಮಾತು ಮುಟ್ಟಿಸಬೇಕಾದವನು ನಾನೇ. ನೀವು ಹಿತ್ತಿಲ ಬಿಸಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೀರಿ. ಈ ಹಾಳೆ ಹಿಡಿದು ಬರುತ್ತಿದ್ದೇನೆ. ಮೊದಲು ವೈಮಾನಿಕ ಅಂದದ್ದನ್ನು ಹೇಳುತ್ತೇನೆ — ಅಂದಷ್ಟನ್ನೂ. ಕೋಟೆಯ ವಿಷಯ ಆಮೇಲೆ.